ಓದುಗರ ಪ್ರಶ್ನೆ, ಬಲ್ಲವರ ಉತ್ತರ: ಹತ್ತು ವರ್ಷದ ಮೇಲೆ ಮತ್ತೆ ಕ್ಲಾಸಿಗೆ, ಅದೂ ಪರದೇಶದಲ್ಲಿ

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಕೆಲಸ ಬಿಟ್ಟು ಮತ್ತೆ ಓದಲು ಹೊರಟವರದು. ಇಪ್ಪತ್ತೆರಡರ ಹುಡುಗರಿಗೆ ಇಲ್ಲದ ತಾಪತ್ರಯಗಳು ಇವರಿಗಿವೆ: ನೋಟಿಸ್ ಪೀರಿಯಡ್ಡು, ಹೆಂಡತಿ ಮಕ್ಕಳು, ಎಲ್ಲೋ ಬೀರುವಿನ ತಳದಲ್ಲಿರುವ ಮಾರ್ಕ್ಸ್ ಕಾರ್ಡು. ಅಂಥ ಪತ್ರಗಳನ್ನೇ ಆರಿಸಿಕೊಂಡಿದ್ದೇವೆ.

ಪ್ರಶ್ನೆ: ಹನ್ನೆರಡು ವರ್ಷ ಕೆಲಸ ಮಾಡಿ ಈಗ ಅಮೆರಿಕದಲ್ಲಿ ಎಂ.ಎಸ್.ಗೆ ಸೇರುತ್ತಿದ್ದೇನೆ. ಆಗಸ್ಟ್‌ನಲ್ಲಿ ಓರಿಯಂಟೇಶನ್ (ಹೊಸ ವಿದ್ಯಾರ್ಥಿಗಳಿಗೆ ಪರಿಚಯದ ಕಾರ್ಯಕ್ರಮ) ಸೋಮವಾರದಿಂದ ಶುಕ್ರವಾರದವರೆಗೆ, ಕ್ಲಾಸು ಅದರ ಮುಂದಿನ ಸೋಮವಾರ. ನನ್ನ ನೋಟಿಸ್ ಪೀರಿಯಡ್ ಮುಗಿಯುವುದೇ ಆ ವಾರ. ಓರಿಯಂಟೇಶನ್ ಅಂದರೆ ಟೀಶರ್ಟು, ಪಿಜ್ಜಾ, ಕ್ಯಾಂಪಸ್ ಸುತ್ತಾಟ ಅಷ್ಟೇ ತಾನೆ? ತಪ್ಪಿಸಿದರೆ ನಡೆಯುತ್ತದಾ? (ಮಂಡ್ಯದ ಓದುಗರು)

ಉತ್ತರ: ಪಿಜ್ಜಾ ತಪ್ಪಿಸಿ, ನಷ್ಟವಿಲ್ಲ. ಆದರೆ ಆ ಐದು ದಿನಗಳ ಪಟ್ಟಿಯೊಳಗೆ ‘ಇಮಿಗ್ರೇಶನ್ ಚೆಕ್-ಇನ್’ ಅಂತ ಒಂದು ಸಾಲು ಅಡಗಿ ಕೂತಿರುತ್ತದೆ. ನಿಮ್ಮ ಎಫ್-1 (ವಿದ್ಯಾರ್ಥಿ ವೀಸಾ) ಸ್ಥಿತಿ ನಿಂತಿರುವುದು ಅದರ ಮೇಲೆ.

ಮೊದಲು ನಿಮ್ಮ ಐ-20 (ವಿದ್ಯಾರ್ಥಿ ವೀಸಾಗೆಂದು ಕಾಲೇಜು ಕೊಟ್ಟ ಅರ್ಹತಾ ಪತ್ರ) ತೆಗೆದು ‘ಪ್ರೋಗ್ರಾಂ ಸ್ಟಾರ್ಟ್ ಡೇಟ್’ ನೋಡಿ. ಅದು ಕ್ಲಾಸು ಶುರುವಾಗುವ ದಿನ ಎಂದು ನೀವು ಅಂದುಕೊಂಡಿರಬಹುದು. ಎಷ್ಟೋ ಕಡೆ ಅದು ಓರಿಯಂಟೇಶನ್‌ನ ಮೊದಲ ದಿನ. ಆ ದಿನಾಂಕಕ್ಕಿಂತ 30 ದಿನಕ್ಕೂ ಮುಂಚೆ ಅಮೆರಿಕ ಪ್ರವೇಶಿಸುವಂತಿಲ್ಲ. ಆ ದಿನಾಂಕ ದಾಟಿ ಇಳಿದರೆ ವಿಮಾನ ನಿಲ್ದಾಣದಲ್ಲಿ ಕೂತ ಅಧಿಕಾರಿ ‘ಯಾಕೆ ತಡ?’ ಎಂದು ಕೇಳುತ್ತಾನೆ. ನಿಮ್ಮ ಕೈಯಲ್ಲಿ ಉತ್ತರ ಇರಬೇಕು, ಬಾಯಲ್ಲಿ ಇದ್ದರೆ ಸಾಲದು. ಅಂದರೆ ಕಾಲೇಜಿನ ಡಿಎಸ್‌ಒ (ವಿದೇಶಿ ವಿದ್ಯಾರ್ಥಿಗಳ ವೀಸಾ ದಾಖಲೆ ನೋಡಿಕೊಳ್ಳುವ ಅಧಿಕಾರಿ) ‘ಇಂಥ ದಿನದವರೆಗೆ ತಡವಾಗಿ ಬರಲು ಒಪ್ಪಿದ್ದೇವೆ’ ಎಂದು ಬರೆದುಕೊಟ್ಟ ಪತ್ರ. ಅವರು ಒಪ್ಪದಿದ್ದರೆ ಆರಂಭದ ದಿನಾಂಕವನ್ನೇ ಮುಂದೂಡಿದ ಹೊಸ ಐ-20 ಬೇಕು. ಅದು ಬರುವ ತನಕ ವಿಮಾನ ಹತ್ತಬೇಡಿ.

ಕಾಲೇಜಿನ ಇಮಿಗ್ರೇಶನ್ ಚೆಕ್-ಇನ್ ಕೌಂಟರಿನಲ್ಲಿ ನಡೆಯುವುದು ಹತ್ತು ನಿಮಿಷದ ಕೆಲಸ. ಪಾಸ್‌ಪೋರ್ಟಿನ ಫೋಟೊ ಪುಟ, ವೀಸಾ ಪುಟ, ಸಹಿ ಮಾಡಿದ ಐ-20, ಐ-94ರ ಪ್ರಿಂಟು, ಅಲ್ಲಿನ ವಾಸದ ವಿಳಾಸ, ಇಷ್ಟನ್ನು ನೋಡಿ ಡಿಎಸ್‌ಒ ನಿಮ್ಮ ಸೆವಿಸ್ (ವಿದೇಶಿ ವಿದ್ಯಾರ್ಥಿಗಳ ಲೆಕ್ಕ ಇಡುವ ಅಮೆರಿಕ ಸರ್ಕಾರದ ಕಂಪ್ಯೂಟರ್ ವ್ಯವಸ್ಥೆ) ದಾಖಲೆಯನ್ನು ಚಾಲೂ ಮಾಡುತ್ತಾರೆ. ಸ್ಟಾರ್ಟ್ ಡೇಟ್ ಆದ 30 ದಿನದೊಳಗೆ ಇದು ಮುಗಿಯಬೇಕು ಎಂಬುದು ಸರ್ಕಾರದ ಗಡುವು. ಕೆಲವು ಕಡೆ ಎಲ್ಲ ಆನ್‌ಲೈನ್‌ನಲ್ಲಿ ಅಪ್‌ಲೋಡ್ ಮಾಡಿಸಿಕೊಳ್ಳುತ್ತಾರೆ. ಹಾಗಿದ್ದಲ್ಲಿ ‘ಬಂತು’ ಎಂಬ ಮೇಲ್ ಬರುವವರೆಗೆ ಮುಗಿಯಿತು ಎಂದುಕೊಳ್ಳಬೇಡಿ.

ಐ-94 ಎಂದರೆ ನೀವು ಒಳಬಂದ ದಾಖಲೆ. ಪಾಸ್‌ಪೋರ್ಟಿನಲ್ಲಿ ಹುಡುಕಿದರೆ ಸಿಗುವುದಿಲ್ಲ, ಅಮೆರಿಕದ ಗಡಿ ಇಲಾಖೆಯ ಜಾಲತಾಣದಲ್ಲಿ ಪಾಸ್‌ಪೋರ್ಟ್ ಸಂಖ್ಯೆ ಹಾಕಿ ತೆಗೆಯಬೇಕು. ಇಳಿದ ಎರಡು ಮೂರು ದಿನದಲ್ಲಿ ತೆಗೆದು ಮೂರು ಸಂಗತಿ ನೋಡಿ: ಹೆಸರಿನ ಕಾಗುಣಿತ, ಹುಟ್ಟಿದ ದಿನ, ಪ್ರವೇಶದ ವರ್ಗ ಎಫ್-1 ಇದೆಯಾ ಎಂದು. ಹಿಂದೆ ಆಫೀಸಿನ ಕೆಲಸಕ್ಕೋ ಪ್ರವಾಸಕ್ಕೋ ಹೋಗಿಬಂದು ಪಾಸ್‌ಪೋರ್ಟಿನಲ್ಲಿ ಇನ್ನೂ ಚಾಲ್ತಿಯ ಬಿ-1/ಬಿ-2 ವೀಸಾ ಇಟ್ಟುಕೊಂಡವರಿಗೆ ಇಲ್ಲೇ ಎಡವಟ್ಟಾಗುವುದು. ಅಧಿಕಾರಿ ಅವಸರದಲ್ಲಿ ಅದರ ಮೇಲೆ ಒಳಬಿಟ್ಟರೆ ನೀವು ವಿದ್ಯಾರ್ಥಿಯಲ್ಲ, ಪ್ರವಾಸಿ. ಆದ್ದರಿಂದ ವಿಮಾನ ನಿಲ್ದಾಣದ ವಲಸೆ ಕೌಂಟರಿನಲ್ಲಿ ಪಾಸ್‌ಪೋರ್ಟನ್ನು ಎಫ್-1 ಪುಟಕ್ಕೆ ತೆರೆದು, ಐ-20 ಜತೆಗಿಟ್ಟೇ ಕೊಡಿ. ತಪ್ಪಾಗಿದ್ದರೆ ಡಿಎಸ್‌ಒಗೆ ಆ ದಿನವೇ ತಿಳಿಸಿ. ಐ-20ಗೆ ನೀವು ಸಹಿ ಹಾಕದೆ ಹೋದರೆ ಅಥವಾ ಕಾಗದ ಚೆಕ್-ಇನ್ ಸೂಟ್‌ಕೇಸಿನಲ್ಲಿ ಉಳಿದರೆ, ಐ-515ಎ ಎಂಬ ಚೀಟಿ ಕೊಟ್ಟು ಬರೀ 30 ದಿನಕ್ಕೆ ಒಳಬಿಡುವುದುಂಟು. ಆಗ ಮೊದಲ ತಿಂಗಳೆಲ್ಲ ಅದನ್ನು ಸರಿಪಡಿಸುವುದೇ ಕೆಲಸ.

ನೋಟಿಸ್ ಪೀರಿಯಡ್ಡಿನ ಕೊನೆಯ ಎರಡು ವಾರಕ್ಕೆ ರಜೆ ಹೊಂದಿಸಿಕೊಂಡೋ ಹಣ ಕಟ್ಟಿಯೋ ಬಿಡಿಸಿಕೊಳ್ಳಿ ಎಂಬುದು ನಮ್ಮ ಸಲಹೆ. ಓರಿಯಂಟೇಶನ್‌ಗೆ ಏಳೆಂಟು ದಿನ ಮುಂಚೆ ಇಳಿದರೆ ಚೆನ್ನ. ಆಗಸ್ಟ್‌ನಲ್ಲಿ ನಮಗೂ ಅಮೆರಿಕದ ಪೂರ್ವ ಕರಾವಳಿಗೂ ಒಂಬತ್ತೂವರೆ ಗಂಟೆ, ಪಶ್ಚಿಮ ಕರಾವಳಿಗೆ ಹನ್ನೆರಡೂವರೆ ಗಂಟೆ ವ್ಯತ್ಯಾಸ. ಮೂವತ್ತೈದು ದಾಟಿದ ಮೈಗೆ ಅದು ಒಂದೇ ರಾತ್ರಿಯಲ್ಲಿ ಹೊಂದುವುದಿಲ್ಲ. ಮಧ್ಯಾಹ್ನ ಮೂರಕ್ಕೆ ತೂಕಡಿಸುತ್ತಾ ವಿಮೆಯ ಷರತ್ತು ಕೇಳಿಸಿಕೊಂಡರೆ ತಲೆಗೆ ಏನೂ ಹೋಗದು.

ಪ್ರಶ್ನೆ: ನನ್ನ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ. ವೀಸಾದಲ್ಲಿ ನನ್ನ ಹೆಸರಿನ ಹಿಂದೆ ‘ಎಫ್‌ಎನ್‌ಯು’ ಎಂದು ಬಂದಿದೆ. ಕಾಲೇಜಿನ ಇ-ಮೇಲ್ ಐಡಿಯಲ್ಲೂ ಅದೇ! ಓರಿಯಂಟೇಶನ್‌ನಲ್ಲಿ ಬ್ಯಾಡ್ಜ್ ಮೇಲೂ ಹಾಗೇ ಬರುತ್ತದಾ? (ಮದ್ದೂರಿನ ಓದುಗರು)

ಉತ್ತರ: ಬರಬಹುದು. ‘ಫಸ್ಟ್ ನೇಮ್ ಅನ್‌ನೋನ್’ ಎಂಬುದರ ಮೊದಲಕ್ಷರಗಳು ಅವು. ನಮ್ಮ ಕಡೆ ಊರಿನ ಹೆಸರಿನದೊಂದು, ಅಪ್ಪನ ಹೆಸರಿನದೊಂದು ಇನಿಶಿಯಲ್, ಆಮೇಲೆ ನಮ್ಮ ಹೆಸರು. ಶಾಲೆ ಸೇರಿಸಿದ ಮೇಷ್ಟ್ರು ಬರೆದದ್ದೇ ಶಾಸನ. ಪಾಸ್‌ಪೋರ್ಟಿನವರು ಇನಿಶಿಯಲ್ ಬಿಡಿಸಿ ಬರೆಯಿರಿ ಎನ್ನುತ್ತಾರೆ, ಬಿಡಿಸದವರದ್ದು ಒಂಟಿ ಹೆಸರಾಗಿ ಉಳಿಯುತ್ತದೆ. ಅಮೆರಿಕದ ಕಂಪ್ಯೂಟರಿಗೆ ಸರ್‌ನೇಮ್ ಇಲ್ಲದೆ ನಡೆಯದು. ಹಾಗಾಗಿ ಇರುವ ಒಂದೇ ಹೆಸರನ್ನು ಸರ್‌ನೇಮ್ ಜಾಗಕ್ಕೆ ತಳ್ಳಿ, ಮುಂದಿನ ಖಾಲಿಗೆ ಈ ಮೂರಕ್ಷರ ತುಂಬುತ್ತದೆ.

ವೀಸಾ ಬಂದಾದ ಮೇಲೆ ಈಗ ಪಾಸ್‌ಪೋರ್ಟು ತಿದ್ದಿಸಲು ಹೋಗಬೇಡಿ. ಪಾಸ್‌ಪೋರ್ಟ್, ಐ-20, ವೀಸಾ ಮೂರೂ ಒಂದಕ್ಕೊಂದು ತಾಳೆಯಾಗುವುದು ಚೆಂದದ ಹೆಸರಿಗಿಂತ ಮುಖ್ಯ. ವಿಶ್ವವಿದ್ಯಾಲಯದ ಪೋರ್ಟಲ್‌ನಲ್ಲಿ ‘ಪ್ರಿಫರ್ಡ್ ನೇಮ್’ ಎಂಬ ಜಾಗವಿದ್ದರೆ ಅಲ್ಲಿ ರಮೇಶ ಎಂದೋ ಮಂಜುಳಾ ಎಂದೋ ತುಂಬಿ. ಹಾಜರಿ ಪಟ್ಟಿ, ಬ್ಯಾಡ್ಜು, ಇ-ಮೇಲ್‌ನಲ್ಲಿ ಕಾಣುವ ಹೆಸರು ಬದಲಾಗುತ್ತದೆ. ಅದನ್ನು ಓರಿಯಂಟೇಶನ್‌ಗೆ ಎರಡು ವಾರ ಮುಂಚೆಯೇ ಮಾಡಿ, ಐಡಿ ಕಾರ್ಡು ಪ್ರಿಂಟಾದ ಮೇಲೆ ಅಲ್ಲ. ಬ್ಯಾಂಕು, ಸೋಶಿಯಲ್ ಸೆಕ್ಯುರಿಟಿ, ಚಾಲನಾ ಪರವಾನಗಿ, ಇವುಗಳಲ್ಲಿ ಮಾತ್ರ ಎಲ್ಲ ಕಡೆ ಹೆಸರು ಒಂದೇ ಥರ ಇರಲಿ. ಒಂದು ಕಡೆ ಎಫ್‌ಎನ್‌ಯು ಇದ್ದು ಇನ್ನೊಂದು ಕಡೆ ಇಲ್ಲದಿದ್ದರೆ ಕಂಪ್ಯೂಟರಿನ ಮಟ್ಟಿಗೆ ಇಬ್ಬರು ಮನುಷ್ಯರು.

ಇದನ್ನು ಓದುತ್ತಿರುವವರಲ್ಲಿ ಇನ್ನೂ ಅರ್ಜಿ ಹಾಕದವರು ಇದ್ದರೆ, ಐ-20 ಪಡೆಯುವ ಮೊದಲೇ ಪಾಸ್‌ಪೋರ್ಟನ್ನು ಮರುವಿತರಣೆಗೆ ಕೊಟ್ಟು ಹೆಸರನ್ನು ಎರಡು ಭಾಗ ಮಾಡಿಸಿಕೊಳ್ಳಿ. ಮೈಸೂರಿನಲ್ಲೇ ಅರ್ಜಿ ಕೊಡಬಹುದು.

ಪ್ರಶ್ನೆ: ವಯಸ್ಸು 36. ‘ಇಮ್ಯೂನೈಸೇಶನ್ ಹೋಲ್ಡ್’ ಇದೆ, ಕೋರ್ಸ್ ರಿಜಿಸ್ಟರ್ ಮಾಡಲಾಗದು ಎಂದು ಪೋರ್ಟಲ್ ಹೇಳುತ್ತಿದೆ. ಬಾಲ್ಯದ ಲಸಿಕೆಯ ಚೀಟಿ ಯಾವತ್ತೋ ಹೋಯಿತು. ಹೊರಡಲು ಎರಡು ತಿಂಗಳಿದೆ. (ಕುವೆಂಪುನಗರ, ಮೈಸೂರು)

ಉತ್ತರ: ಎರಡು ತಿಂಗಳು ಸಾಕು, ಈ ವಾರವೇ ಶುರು ಮಾಡಿದರೆ. ಹೋಲ್ಡ್ ಎಂದರೆ ಬೀಗ. ಲಸಿಕೆಗೊಂದು, ವಿಮೆಗೊಂದು, ಫೀಸಿಗೊಂದು, ಅಂಕಪಟ್ಟಿಗೊಂದು ಬೇರೆ ಬೇರೆ ಬೀಗ ಇರುತ್ತವೆ. ಒಂದು ತೆಗೆದರೆ ಇನ್ನೊಂದು ತೆರೆಯುವುದಿಲ್ಲ. ಓರಿಯಂಟೇಶನ್ ವಾರದಲ್ಲಿ ಆರೋಗ್ಯ ಕೇಂದ್ರದ ಮುಂದೆ ಸಾಲು ನಿಂತು ತೆಗೆಸಬಹುದು ನಿಜ, ಆದರೆ ಅಷ್ಟರಲ್ಲಿ ಒಳ್ಳೆಯ ಕೋರ್ಸುಗಳ ಸೀಟು ಮುಗಿದಿರುತ್ತದೆ. ಅಲ್ಲಿ ಸೂಜಿ ಚುಚ್ಚಿಸಿಕೊಳ್ಳುವ ಖರ್ಚೂ ಇಲ್ಲಿಗಿಂತ ಎಷ್ಟೋ ಪಟ್ಟು.

ಹೆಚ್ಚಿನ ಕಡೆ ಕಡ್ಡಾಯವಾಗಿ ಕೇಳುವುದು ಎಂಎಂಆರ್, ಅಂದರೆ ದಡಾರ, ಮಂಗನಬಾವು, ರುಬೆಲ್ಲಾ. ಎರಡು ಡೋಸು, ನಡುವೆ ಕನಿಷ್ಠ 28 ದಿನ. 27ನೇ ದಿನ ಹಾಕಿಸಿಕೊಂಡು ಬಂದರೆ ಎರಡನೆಯದು ಲೆಕ್ಕಕ್ಕಿಲ್ಲ ಎಂದು ವಾಪಸ್ ಕಳಿಸುವವರಿದ್ದಾರೆ. ಬಾಲ್ಯದಲ್ಲಿ ಆಗಿದೆ ಎಂಬ ನಂಬಿಕೆ ಇದ್ದರೆ ರೋಗನಿರೋಧಕ ಮಟ್ಟದ ಐಜಿಜಿ ರಕ್ತಪರೀಕ್ಷೆ ಮಾಡಿಸಬಹುದು. ಮೂರೂ ಪಾಸಿಟಿವ್ ಬಂದರೆ ಲಸಿಕೆ ಬೇಡ. ಮಹಿಳೆಯರು ಗರ್ಭಿಣಿಯಾಗಿದ್ದರೆ ಎಂಎಂಆರ್ ಹಾಕಿಸುವಂತಿಲ್ಲ, ಹಾಕಿಸಿದ ಮೇಲೂ ಒಂದು ತಿಂಗಳು ಗರ್ಭ ಧರಿಸಬಾರದು.

ಟಿಬಿ ಪರೀಕ್ಷೆಯ ವಿಷಯದಲ್ಲಿ ಹೆಚ್ಚು ಜನ ಮುಗ್ಗರಿಸುತ್ತಾರೆ. ನಮ್ಮಲ್ಲಿ ಹುಟ್ಟುತ್ತಲೇ ಬಿಸಿಜಿ ಹಾಕುತ್ತಾರೆ, ಎಡ ತೋಳಿನ ಕಲೆ ಅದೇ. ಅಂಥವರಿಗೆ ಮುಂಗೈ ಮೇಲೆ ಚುಚ್ಚಿ ಗಾತ್ರ ಅಳೆಯುವ ಚರ್ಮದ ಪರೀಕ್ಷೆ ಮಾಡಿದರೆ ರೋಗವಿಲ್ಲದೆಯೂ ಊದಿಕೊಳ್ಳಬಹುದು. ಆಮೇಲೆ ಎಕ್ಸ್‌ರೇ, ಮರುಪರೀಕ್ಷೆ, ವಾರಗಟ್ಟಲೆ ಓಡಾಟ. ಇಗ್ರಾ ಎಂಬ ರಕ್ತಪರೀಕ್ಷೆಗೆ (ಕ್ವಾಂಟಿಫೆರಾನ್ ಎಂದು ಕೇಳಿ) ಬಿಸಿಜಿಯ ಬಾಧೆಯಿಲ್ಲ. ಆದರೆ ಎಂಎಂಆರ್ ಜೀವಂತ ಲಸಿಕೆ. ಅದು ಟಿಬಿ ಪರೀಕ್ಷೆಯ ಫಲಿತಾಂಶವನ್ನು ಕೆಲಕಾಲ ಮಂಕು ಮಾಡಬಲ್ಲದು. ಅದಕ್ಕೇ ಇಗ್ರಾಗೆ ರಕ್ತವನ್ನು ಎಂಎಂಆರ್ ಹಾಕಿಸುವ ದಿನವೇ ಕೊಡಿ, ಇಲ್ಲವೇ ನಾಲ್ಕು ವಾರ ಕಾಯಿರಿ. ಕೊಡುವ ಮುನ್ನ ಇಲ್ಲಿನ ವರದಿಯನ್ನು ಒಪ್ಪುತ್ತೀರಾ ಎಂದು ವಿಶ್ವವಿದ್ಯಾಲಯಕ್ಕೆ ಮೇಲ್ ಹಾಕಿ. ಅಮೆರಿಕದೊಳಗೇ ಮಾಡಿಸಬೇಕು ಎನ್ನುವವರೂ ಇದ್ದಾರೆ, ಆಗ ಇಲ್ಲಿನ ದುಡ್ಡು ದಂಡ.

ಡಾಕ್ಟರ ಲೆಟರ್‌ಹೆಡ್ಡಿನ ಮೇಲೆ ‘ಎಲ್ಲಾ ಲಸಿಕೆ ಆಗಿದೆ’ ಎಂದು ಬರೆಸಿಕೊಂಡು ಹೋಗಬೇಡಿ. ವಿಶ್ವವಿದ್ಯಾಲಯದ್ದೇ ಫಾರಂ ಇರುತ್ತದೆ, ಅದರ ಮೇಲೆ ಸಹಿ, ಸೀಲು, ನೋಂದಣಿ ಸಂಖ್ಯೆ. ದಿನಾಂಕವನ್ನು ಅಮೆರಿಕದ ಪದ್ಧತಿಯಂತೆ ತಿಂಗಳು ಮೊದಲು, ದಿನ ಆಮೇಲೆ ಬರೆಸಿ. ಜೂನ್ 5ನ್ನು ನಮ್ಮ ರೂಢಿಯಂತೆ 05/06 ಎಂದು ಬರೆದರೆ ಅವರು ಮೇ 6 ಎಂದು ಓದುತ್ತಾರೆ, ಡೋಸುಗಳ ಅಂತರದ ಲೆಕ್ಕ ತಪ್ಪುತ್ತದೆ.

ಪ್ರಶ್ನೆ: 1996ರಲ್ಲಿ ಎಂಜಿನಿಯರಿಂಗ್ ಸೇರಿದವನು. ಈಗ ಆನ್‌ಲೈನಿನಲ್ಲಿ ಎಲ್ಲರೂ ವಿಟಿಯು (ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಟ್ರಾನ್ಸ್‌ಕ್ರಿಪ್ಟ್ (ಎಲ್ಲ ವರ್ಷಗಳ ಅಧಿಕೃತ ಅಂಕಪಟ್ಟಿ) ಎನ್ನುತ್ತಾರೆ. ನಾನು ಯಾರನ್ನು ಕೇಳಲಿ? (ಮಂಡ್ಯ)

ಉತ್ತರ: ವಿಟಿಯು ಹುಟ್ಟಿದ್ದೇ 1998ರಲ್ಲಿ. ಅದಕ್ಕೂ ಮುಂಚೆ ಮೈಸೂರು, ಮಂಡ್ಯದ ಎಂಜಿನಿಯರಿಂಗ್ ಕಾಲೇಜುಗಳು ಮೈಸೂರು ವಿಶ್ವವಿದ್ಯಾನಿಲಯದ ಕೆಳಗಿದ್ದವು. ನಿಮ್ಮ ಪದವಿ ಪ್ರಮಾಣಪತ್ರದ ತಲೆಯ ಮೇಲೆ ಯಾವ ಹೆಸರಿದೆಯೋ ಆ ವಿಶ್ವವಿದ್ಯಾಲಯದ ಪರೀಕ್ಷಾ ವಿಭಾಗವೇ ಕೊಡಬೇಕು. ಬೆಳಗಾವಿಗೆ ಅಲೆಯುವ ಮುಂಚೆ ಅದನ್ನು ನೋಡಿ. ಮೂರು ಪ್ರತಿ, ಮೂರು ಲಕೋಟೆ, ಮುಚ್ಚಿದ ಅಂಚಿನ ಮೇಲೆ ಅಡ್ಡಡ್ಡ ಸಹಿ ಮತ್ತು ಸೀಲು. ಕುತೂಹಲಕ್ಕೂ ಒಡೆಯಬೇಡಿ. ಒಡೆದ ಲಕೋಟೆ ಓರಿಯಂಟೇಶನ್ ಕೌಂಟರಿನಲ್ಲಿ ಬರೀ ಝೆರಾಕ್ಸಿಗೆ ಸಮ. ಪ್ರೊವಿಷನಲ್ ಸರ್ಟಿಫಿಕೇಟ್ ಅಲ್ಲ, ಘಟಿಕೋತ್ಸವದ ಮೂಲ ಪದವಿಪತ್ರವನ್ನೂ ತೋರಿಸಿ ಎನ್ನಬಹುದು, ಜತೆಗಿರಲಿ. ಕ್ಯಾಬಿನ್ ಬ್ಯಾಗಿನಲ್ಲಿ.

ಪ್ರಶ್ನೆ: ಅಡ್ವೈಸರ್ ಜತೆ ಅರ್ಧ ಗಂಟೆಯ ಭೇಟಿ ಎಂದು ಓರಿಯಂಟೇಶನ್ ಪಟ್ಟಿಯಲ್ಲಿದೆ. ಏನು ಕೇಳಬೇಕು? ಇಷ್ಟು ವರ್ಷದ ಮೇಲೆ ಓದು ತಲೆಗೆ ಹತ್ತುತ್ತದಾ ಎಂಬ ಭಯವೂ ಇದೆ. (ಸರಸ್ವತಿಪುರಂ, ಮೈಸೂರು)

ಉತ್ತರ: ತಲೆಗೆ ಹತ್ತುತ್ತದೆ. ಹತ್ತದಿರುವುದು ಹಳೆಯ ಅಭ್ಯಾಸ. ನೀವು ಓದಿದ ಕಾಲದ ವಿಟಿಯು ಪದ್ಧತಿಯಲ್ಲಿ ಇಂಟರ್ನಲ್ಸ್‌ಗೆ 25, ಕೊನೆಯ ಪರೀಕ್ಷೆಗೆ 100. ಕೊನೆಯ ಮೂರು ವಾರ ನಿದ್ದೆಗೆಟ್ಟು ಓದಿದರೆ ದಡ ಸೇರಬಹುದಿತ್ತು. ಅಲ್ಲಿ ಪ್ರತಿ ವಾರ ಹೋಂವರ್ಕು, ನಡುವೆ ಒಂದೋ ಎರಡೋ ಮಿಡ್‌ಟರ್ಮ್, ಪ್ರಾಜೆಕ್ಟು, ಆಮೇಲೆ ಫೈನಲ್. ಮೊದಲ ದಿನ ಕೊಡುವ ಸಿಲಬಸ್ ನಮ್ಮ ಪಾಠಪಟ್ಟಿಯಂತಲ್ಲ, ಕರಾರುಪತ್ರದಂತೆ: ಯಾವುದಕ್ಕೆ ಶೇಕಡ ಎಷ್ಟು, ತಡವಾದರೆ ಎಷ್ಟು ಕಡಿತ, ಎಐ ಸಾಧನ ಬಳಸಬಹುದೇ, ಎಲ್ಲ ಅದರಲ್ಲಿರುತ್ತದೆ. ಒಬ್ಬ ಪ್ರೊಫೆಸರು ಬಿಟ್ಟದ್ದನ್ನು ಇನ್ನೊಬ್ಬರು ಬಿಡುವುದಿಲ್ಲ.

ಲ್ಯಾಬ್ ರೆಕಾರ್ಡನ್ನು ಗೆಳೆಯನದ್ದು ನೋಡಿ ಬರೆದುಕೊಳ್ಳುವುದು ನಮ್ಮಲ್ಲಿ ತಪ್ಪೆಂದೇ ಅನಿಸುತ್ತಿರಲಿಲ್ಲ. ಅಲ್ಲಿ ಅದು ಶಿಸ್ತು ಸಮಿತಿಯ ಮುಂದೆ ನಿಲ್ಲಿಸುವ ಅಪರಾಧ, ನೋಡಿದವನಿಗೂ ತೋರಿಸಿದವನಿಗೂ. ಅಮಾನತಾದರೆ ಹೋಗುವುದು ಸೀಟು ಮಾತ್ರವಲ್ಲ, ವೀಸಾ ಸ್ಥಿತಿಯೂ. ಓರಿಯಂಟೇಶನ್‌ನಲ್ಲಿ ಬೇಸರ ಬಂದರೂ ಪೂರ್ತಿ ಕೂತು ಕೇಳಬೇಕಾದ ಗಂಟೆ ಯಾವುದು ಎಂದರೆ ಇದೇ.

ಇನ್ನು ಅಡ್ವೈಸರ್. ಡಿಎಸ್‌ಒ ಬೇರೆ, ಅಡ್ವೈಸರ್ ಬೇರೆ ಎಂಬುದನ್ನು ಮೊದಲು ಮನಸ್ಸಿಗೆ ಹಾಕಿಕೊಳ್ಳಿ. ಅಡ್ವೈಸರಿಗೆ ವೀಸಾ ನಿಯಮ ಗೊತ್ತಿರಬೇಕೆಂದಿಲ್ಲ. ‘ಈ ಕೋರ್ಸು ಭಾರವಾಗುತ್ತಿದೆಯೇ, ಡ್ರಾಪ್ ಮಾಡಿ’ ಎಂದು ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ಸ್ನಾತಕೋತ್ತರ ವಿದ್ಯಾರ್ಥಿಗೆ ಪೂರ್ಣಾವಧಿ ಎಂದರೆ ಸಾಮಾನ್ಯವಾಗಿ 9 ಕ್ರೆಡಿಟ್, ಅಂದರೆ ಮೂರು ಕೋರ್ಸು. ಡಿಎಸ್‌ಒ ಅನುಮತಿ ಪಡೆಯದೆ ಒಂದು ಬಿಟ್ಟು 6ಕ್ಕೆ ಇಳಿದ ಗಳಿಗೆಯಿಂದ ನೀವು ನಿಯಮ ಮುರಿದವರು. ಮೊದಲು ಅನುಮತಿ, ಆಮೇಲೆ ಡ್ರಾಪ್. ಹಿಂದುಮುಂದಾದರೆ ಸರಿಪಡಿಸುವುದು ಕಷ್ಟ. ಆನ್‌ಲೈನ್ ಕೋರ್ಸು ಇನ್ನೊಂದು ಬಲೆ. ಕೆಲಸ ಮಾಡಿ ರೂಢಿಯಾದವರಿಗೆ ಸಂಜೆ ಮನೆಯಿಂದಲೇ ಓದುವುದು ಅನುಕೂಲ ಎನಿಸುತ್ತದೆ. ಆದರೆ ಒಂದು ಸೆಮಿಸ್ಟರಿನಲ್ಲಿ ಒಂದೇ ಆನ್‌ಲೈನ್ ಕೋರ್ಸು, ಹೆಚ್ಚೆಂದರೆ 3 ಕ್ರೆಡಿಟ್, ಪೂರ್ಣಾವಧಿಯ ಲೆಕ್ಕಕ್ಕೆ ಬರುತ್ತದೆ.

ಆ ಅರ್ಧ ಗಂಟೆಯಲ್ಲಿ ಕೇಳಿ: ಪದವಿಗೆ ಬೇಕೇಬೇಕಾದ ಕೋರ್ಸುಗಳಲ್ಲಿ ಯಾವುದು ವರ್ಷಕ್ಕೊಮ್ಮೆ ಮಾತ್ರ ನಡೆಯುತ್ತದೆ? ನನಗೆ ಮರೆತಿರುವ ಗಣಿತಕ್ಕೆ ಪೂರ್ವತಯಾರಿಯ ಕೋರ್ಸು ಇದೆಯೇ, ಅದರ ಕ್ರೆಡಿಟ್ ಪದವಿಗೆ ಸೇರುತ್ತದೆಯೇ? ಪೂರ್ತಿ ಹಣ ವಾಪಸ್ ಸಿಗುವಂತೆ ಕೋರ್ಸು ಬದಲಿಸಲು ಕೊನೆಯ ದಿನ ಯಾವುದು? ಮೊದಲ ಸೆಮಿಸ್ಟರಿನಲ್ಲಿ ನಾಲ್ಕು ಕೋರ್ಸು ತೆಗೆದುಕೊಳ್ಳುವ ಹುಮ್ಮಸ್ಸು ಬೇಡ.

ಪ್ರಶ್ನೆ: ನನ್ನ ಜೊತೆ ಗಂಡ ಮತ್ತು ಐದು ವರ್ಷದ ಮಗ ಬರುತ್ತಾರೆ. ಅವರಿಗೂ ಓರಿಯಂಟೇಶನ್ ಇದೆಯಾ? (ಶ್ರೀರಂಗಪಟ್ಟಣ)

ಉತ್ತರ: ಕೆಲವು ಕಡೆ ಕುಟುಂಬದವರಿಗೆ ಒಂದು ಸಂಜೆ ಇರುತ್ತದೆ, ಕಡ್ಡಾಯವಲ್ಲ. ಇಬ್ಬರಿಗೂ ಪ್ರತ್ಯೇಕ ಐ-20 ಬೇಕು, ವೀಸಾ ಎಫ್-2. ನಿಮ್ಮ ಜತೆ ಅಥವಾ ನಿಮ್ಮ ನಂತರ ಬರಬಹುದು, ಮುಂಚೆ ಬರುವಂತಿಲ್ಲ. ಗಂಡ ಕೆಲಸ ಮಾಡುವಂತಿಲ್ಲ, ಅರೆಕಾಲಿಕವಾಗಿ ಓದಬಹುದು. ಬೆಂಗಳೂರಿನ ಕಂಪನಿಗೆ ಅಲ್ಲಿಂದಲೇ ಲ್ಯಾಪ್‌ಟಾಪಿನಲ್ಲಿ ದುಡಿಯುವ ಯೋಚನೆ ಇದ್ದರೆ ವಲಸೆ ವಕೀಲರನ್ನು ಕೇಳದೆ ಮುಂದುವರಿಯಬೇಡಿ.

ಮಗನ ಶಾಲೆಗೆ ಲಸಿಕೆಯ ದಾಖಲೆ ಕೇಳುತ್ತಾರೆ. ತಾಯಿ ಕಾರ್ಡ್ ಜೋಪಾನವಾಗಿ ಒಯ್ಯಿರಿ. ನಮ್ಮ ಸರ್ಕಾರಿ ಪಟ್ಟಿಯಲ್ಲಿ ಸಿಡುಬಿನ ತಂಗಿಯಂತಿರುವ ಚಿಕನ್‌ಪಾಕ್ಸ್ ಲಸಿಕೆ ಇಲ್ಲ, ಅಲ್ಲಿನ ಶಾಲೆಗಳು ಅದನ್ನು ಕೇಳುತ್ತವೆ. ಹೊರಡುವ ಮುಂಚೆ ಮಕ್ಕಳ ಡಾಕ್ಟರ ಬಳಿ ಹಾಕಿಸಿ ಬರೆಸಿಕೊಳ್ಳಿ.

ಪ್ರಶ್ನೆ: ನಾನು 32ನೇ ವಯಸ್ಸಿನಲ್ಲಿ ಜರ್ಮನಿಗೆ ಹೋಗುತ್ತಿದ್ದೇನೆ. ಅಲ್ಲೂ ಇದೇ ನಿಯಮಗಳೇ? (ಪಾಂಡವಪುರ)

ಉತ್ತರ: ಅಲ್ಲ. ಅಲ್ಲಿ ಓರಿಯಂಟೇಶನ್ ವಾರಕ್ಕಿಂತ ನಗರ ಕಚೇರಿಯ ಸಾಲು ಮುಖ್ಯ. ಮನೆಗೆ ಸೇರಿದ ಎರಡು ವಾರದೊಳಗೆ ವಿಳಾಸ ನೋಂದಾಯಿಸಬೇಕು, ಅದಕ್ಕೆ ಮನೆ ಮಾಲೀಕ ಸಹಿ ಮಾಡಿದ ‘ವೋನುಂಗ್ಸ್‌ಗೇಬರ್‌ಬೆಸ್ಟೇಟಿಗುಂಗ್’ ಬೇಕು. ಹೆಸರು ಬಾಯಲ್ಲಿ ನಿಲ್ಲದಿದ್ದರೂ ಕಾಗದ ಕೈಯಲ್ಲಿರಲಿ. ಅದಿಲ್ಲದೆ ಕೊಡುವ ಅಗ್ಗದ ರೂಮು ಎಂದರೆ ಬೇಡವೇ ಬೇಡ.

ನಿಮ್ಮ ವಯಸ್ಸಿಗೆ ಇನ್ನೊಂದು ತೊಡಕಿದೆ. ಸರ್ಕಾರಿ ಪದ್ಧತಿಯ ಆರೋಗ್ಯ ವಿಮೆಯಲ್ಲಿ ವಿದ್ಯಾರ್ಥಿಗಳ ಕಡಿಮೆ ದರ 30ರವರೆಗೆ. ಅದು ದಾಟಿ ಮೊದಲ ಬಾರಿ ಹೋಗುವವರಿಗೆ ಸಾಮಾನ್ಯವಾಗಿ ಖಾಸಗಿ ವಿಮೆಯೇ ಗತಿ. ಖಾಸಗಿ ವಿಮೆ ತೆಗೆದುಕೊಂಡರೂ ದಾಖಲಾತಿಗೆ ಸರ್ಕಾರಿ ಪದ್ಧತಿಯ ವಿಮಾ ಸಂಸ್ಥೆಯೊಂದು ನಿಮ್ಮ ಸ್ಥಿತಿಯನ್ನು ವಿಶ್ವವಿದ್ಯಾಲಯಕ್ಕೆ ವಿದ್ಯುನ್ಮಾನವಾಗಿ ತಿಳಿಸಬೇಕು. ಆ ಸಂದೇಶಕ್ಕೆ ಎಂ-10 ಎನ್ನುತ್ತಾರೆ. ವೀಸಾಗೆಂದು ಕೊಂಡ ಪ್ರವಾಸಿ ವಿಮೆ ಇದಕ್ಕೆ ನಡೆಯದು.

ಪ್ರಶ್ನೆ: ಹಾಸ್ಟೆಲ್ ಸಿಗುವವರೆಗೆ ತಿನ್ನಲು ಏನೇನು ಒಯ್ಯಬಹುದು? ಮಿಕ್ಸಿ ತೆಗೆದುಕೊಂಡು ಹೋಗಲಾ? (ಅಮೆರಿಕಕ್ಕೆ ಹೊರಟ ಮಳವಳ್ಳಿಯ ಓದುಗರು)

ಉತ್ತರ: ರಾಗಿ ಹಿಟ್ಟು, ಹುಳಿಪುಡಿ, ಚಟ್ನಿಪುಡಿ ಧಾರಾಳವಾಗಿ, ಆದರೆ ಚೆಕ್-ಇನ್ ಪೆಟ್ಟಿಗೆಯಲ್ಲಿ. 350 ಮಿಲಿಲೀಟರಿಗಿಂತ ಹೆಚ್ಚಿನ ಪುಡಿ ಕೈಚೀಲದಲ್ಲಿದ್ದರೆ ಅಮೆರಿಕದ ವಿಮಾನಕ್ಕೆ ಹತ್ತುವಾಗ ಬಿಚ್ಚಿ ನೋಡುತ್ತಾರೆ, ಎಸೆಯಬೇಕಾಗಿಯೂ ಬರಬಹುದು. ಹಸಿ ಕರಿಬೇವು ಬೇಡ: ನಿಂಬೆ, ಕಿತ್ತಳೆ ಗಿಡಗಳಿಗೆ ರೋಗ ಹರಡುವ ಕೀಟ ಅದರ ಮೇಲೂ ಬದುಕುತ್ತದೆ ಎಂದು ನಿಷೇಧವಿದೆ. ಹಣ್ಣು, ತರಕಾರಿ, ಮಾಂಸವೂ ಬೇಡ. ತಿಂಡಿ ಇದೆಯೇ ಎಂದು ಕೇಳಿದರೆ ‘ಇದೆ’ ಎನ್ನಿ. ಮುಚ್ಚಿಟ್ಟು ಸಿಕ್ಕಿಬಿದ್ದರೆ ದಂಡ. ಮಿಕ್ಸಿ ನಮ್ಮ 230 ವೋಲ್ಟಿನದು, ಅಲ್ಲಿ ಬರುವುದು 120. ತಿರುಗಿದರೂ ಕಾಯಿ ನುಣ್ಣಗಾಗದು. ಕುಕ್ಕರ್ ಒಯ್ಯಿರಿ, ಜತೆಗೆ ಎರಡು ಗ್ಯಾಸ್ಕೆಟ್ಟು, ಒಂದು ಸೇಫ್ಟಿ ವಾಲ್ವು. ಲ್ಯಾಪ್‌ಟಾಪ್ ಚಾರ್ಜರ್ ಮೇಲೆ 100-240 ಎಂದು ಬರೆದಿದ್ದರೆ ಪಿನ್ನು ಬದಲಿಸುವ ಅಡಾಪ್ಟರ್ ಸಾಕು.

ಪ್ರಶ್ನೆ: ಇದು ತಿರುಗುಮುರುಗು ಪ್ರಶ್ನೆ. ಮಾನಸಗಂಗೋತ್ರಿಯಲ್ಲಿ ಓದಲು ಬರುವ ವಿದೇಶಿ ವಿದ್ಯಾರ್ಥಿಗೆ ಮಹಡಿ ಮನೆ ಬಾಡಿಗೆಗೆ ಕೊಡಬೇಕೆಂದಿದ್ದೇವೆ. ನಮಗೇನಾದರೂ ಜವಾಬ್ದಾರಿ ಇದೆಯೇ? (ಕುಕ್ಕರಹಳ್ಳಿ ಕೆರೆ ಬಳಿಯ ಮನೆ ಮಾಲೀಕರು)

ಉತ್ತರ: ಇದೆ. ವಿದೇಶಿಯರು ಮನೆಗೆ ಬಂದ 24 ಗಂಟೆಯೊಳಗೆ ನೀವೇ ಅವರ ವಿವರವನ್ನು ವಲಸೆ ಇಲಾಖೆಯ ಪೋರ್ಟಲ್‌ನಲ್ಲಿ ತುಂಬಬೇಕು. ‘ಸಿ ಫಾರಂ’ ಎಂದೇ ಊರಲ್ಲಿ ಕರೆಯುವುದು. ಅದಕ್ಕೆ ಮೊದಲು ಮನೆ ಮಾಲೀಕರಾಗಿ ನಿಮ್ಮ ಹೆಸರಲ್ಲಿ ಖಾತೆ ತೆರೆದಿರಬೇಕು, ಆದ್ದರಿಂದ ಹುಡುಗ ಬಂದಿಳಿಯುವ ವಾರ ಮೊದಲೇ ಮಾಡಿಡಿ. ಅವನ ವೀಸಾ 180 ದಿನಕ್ಕಿಂತ ಹೆಚ್ಚಿನದಾಗಿದ್ದರೆ ಬಂದ 14 ದಿನದೊಳಗೆ ಇ-ಎಫ್‌ಆರ್‌ಆರ್‌ಒದಲ್ಲಿ (ವಿದೇಶಿಯರ ನೋಂದಣಿ ಕಚೇರಿಯ ಜಾಲತಾಣ) ಅವನೂ ನೋಂದಾಯಿಸಿಕೊಳ್ಳಬೇಕು. ಅದಕ್ಕೆ ವಿಶ್ವವಿದ್ಯಾನಿಲಯದ ವ್ಯಾಸಂಗ ಪತ್ರದ ಜತೆ ವಿಳಾಸಕ್ಕೆ ದಾಖಲೆ ಕೇಳುತ್ತಾರೆ. ನಿಮ್ಮ ಬಾಡಿಗೆ ಕರಾರೇ ಆ ದಾಖಲೆ. ಬಾಯಿಮಾತಿನ ಬಾಡಿಗೆ ಇಲ್ಲಿ ನಡೆಯದು. ಛಾಪಾ ಕಾಗದದ ಮೇಲೆ, ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ಹೆಸರು ಬರೆಸಿ, ಅಡ್ವಾನ್ಸ್ ಎಷ್ಟು, ಖಾಲಿ ಮಾಡಲು ಎಷ್ಟು ದಿನದ ನೋಟಿಸು ಎಂಬುದನ್ನು ಅವನಿಗೆ ತಿಳಿಯುವ ಭಾಷೆಯಲ್ಲೇ ಹಾಕಿಸಿ.